ಒಂದು ಪೇರಲದ ಎತ್ತರ

ಎತ್ತಿದರ ಎತ್ತತೈತಿ, ನಿಲ್ಲಂಗಿಲ್ಲ.
ಮುಂಜಾನೆ ಮಣಕಾಲ ಮಟ ಎದ್ದ ರೋಟವೇಟರ್
ನಾ ಚಾ ಕುಡಿದು ಬರೂದ್ರಾಗ ಗೇಣಿಗೆ,
ಬುತ್ತಿ ಬಿಚ್ಚೂದ್ರಾಗ ನೆಲಕ್ಕ.

ಕೆಲಗೇರಿ ದಾರಿಯ ನಮ್ಮ ತೋಟದಾಗ
ಪೇರಲಗಿಡದಿಂದ ಪೇರಲಗಿಡಕ್ಕ ಒಂಬತ್ತು ಮೊಳ.
ದೊಡ್ಡ ಟ್ರ್ಯಾಕ್ಟರ್ ಹೊಕ್ಕರ ಟೊಂಗಿ ಉಳಿಯಂಗಿಲ್ಲ.
ಅದಕ್ಕ ಈ ಹದಿನೆಂಟು ಎಚ್‌ಪಿ ಗಿಡ್ಡಂದು,
ಮೂರು ಮಂದಿ ಕೈ ದಾಟಿ ಬಂದದ್ದು,
ಕೆಂಪಿನ ಮ್ಯಾಲೆ ನೀಲಿ, ನೀಲಿಯ ಮ್ಯಾಲೆ ತುಕ್ಕು.

ಹುಬ್ಬಳ್ಳಿ ಅಂಗಡಿಯವ ನೋಡದನ ಹೇಳಿದ:
ಪಂಪ್ ಹೋಗೇತಿ, ಹೊಸಾದು ಹದಿನಾಲ್ಕು ಸಾವಿರ,
ಈ ಮಾಡೆಲ್ಲಿಗೆ ಸಿಕ್ಕರ.
ಆ 'ಸಿಕ್ಕರ' ಅನ್ನೋದು
ಹದಿನಾಲ್ಕು ಸಾವಿರಕ್ಕಿಂತ ತುಟ್ಟಿ ಅನಿಸ್ತು.

ದಾವಲಸಾಬ ಬಂದ, ಹತ್ಯಾರದ ಚೀಲ ಸೈಕಲ್ಲಿನ ಹ್ಯಾಂಡಲ್ಲಿಗೆ.
ನಲವತ್ತು ವರ್ಷ ಎಂಜಿನ್ನಿನ ಬಗಲಾಗ ನಿಂತು
ಕಿವಿ ಎರಡೂ ಹೋಗ್ಯಾವ.
ಸ್ಕ್ರೂಡ್ರೈವರಿನ ತುದಿ ಪಂಪಿಗೆ ಹಚ್ಚಿ
ಹಿಡಿಕಿ ಹಲ್ಲಾಗ ಕಚ್ಚಿ ಕಣ್ಣು ಮುಚ್ಚಿದ.
ನಡುಕ ಅವನ ದವಡಿಗೆ ಏರಿ
ಗಡ್ಡದ ಕೂದಲು ಸುದ್ದಾ ನಡುಗಿದವು.
'ಪಂಪ್ ಹಾಡಾಕ ಹತ್ತೇತಿ' ಅಂದ, ಗಟ್ಟಿಯಾಗಿ,
ಕೇಳದವರು ಮಾತಾಡೂ ಹಂಗ.
'ಸೋರೂದು ಒಳಗ, ಅಕ್ಕಾರ. ಹೊರಗ ಸೋರಿದ್ದರ
ನಿಮಗೂ ತಿಳೀತಿತ್ತು.'

ಎಣ್ಣಿ ಇಳಿಸಿದಿವಿ. ಮಜ್ಜಿಗಿ ಬಣ್ಣ.
ಯಾವ ವರ್ಷದ ಮಳಿ ಒಳಗ ಹೊಕ್ಕಿತ್ತೋ.
ಲಿಫ್ಟಿನ ಮುಚ್ಚಳ ಅರವತ್ತು ಕಿಲೋ;
ಎತ್ತೋದನ್ನ ಎತ್ತಾಕ ಇನ್ನೊಂದು ಎತ್ತೋದು ಬೇಕಾತು.
ಪೇರಲದ ಟೊಂಗಿ ಬಾಗತಾವ, ಮುರಿಯಂಗಿಲ್ಲ,
ಆದರ ಎತ್ತಂಗೂ ಇಲ್ಲ.
ಬದುವಿನ ಬೇವಿಗೆ ಚೈನ್ ಕಪ್ಪಿ ಕಟ್ಟಿ
ಟ್ರ್ಯಾಕ್ಟರನ್ನ ಅದರ ಬುಡಕ ದೂಡಿದಿವಿ,
ನಾನು, ಅವ, ಹಾಲು ಕೊಡಾಕ ಬಂದ ನೀಲಪ್ಪ.

ಸಿಲಿಂಡರಿನಾಗ ಕೈ ಹಾಕಿ ಪಿಸ್ಟನ್ ತಗದ.
ಮೈಮ್ಯಾಲೆ ಒಂದು ಗೀರಿಲ್ಲ.
ರಬ್ಬರ್ ರಿಂಗು ಮಾತ್ರ ಉಗುರು ತಾಗಿದ್ದಕ್ಕ ಚೂರಾತು.
ಅದರ ಬೆನ್ನಿಗಿದ್ದ ತೊಗಲಿನ ಬಳಿ
ಅರ್ಧ ಇತ್ತು, ಇನ್ನರ್ಧ ಆ ಮಜ್ಜಿಗಿಯೊಳಗ ಎಲ್ಲೋ.
ಎರಡು ಕ್ವಿಂಟಲ್ ಕಬ್ಬಿಣ
ಇಷ್ಟರ ಮ್ಯಾಲೆ ನಿಂತಿತ್ತು, ಇಷ್ಟು ವರ್ಷ.

ರಿಂಗು ದಾಜಿಬಾನ ಪೇಟ್ಯಾಗ ಸಿಕ್ತು, ಮೂವತ್ತೈದು ರೂಪಾಯಿ.
ತೊಗಲಿಂದು ಕೇಳಿದರ ಅಂಗಡಿ ಹುಡುಗ ನಕ್ಕ.
ಧಾರವಾಡದ ಲೈನ್ ಬಜಾರಿನಾಗ ಚಪ್ಪಲ್ ಹೊಲಿಯೋ ಹುಲಗವ್ವ ನಗಲಿಲ್ಲ.
ಹಳೇ ತುಂಡು ಮೂಸಿ, 'ಎಮ್ಮಿದು' ಅಂದಳು.
'ಕೈಪಂಪಿನ ವಾಶರ್ ಎಷ್ಟೋ ಕೊಯ್ದೇನಿ,
ಇದೂ ಅದರ ತಂಗಿ.'
ರಾಪಿ ಒಂದ ಸುತ್ತು ತಿರುಗಿತು, ಎತ್ತಲೇ ಇಲ್ಲ.
'ಇಡೀ ರಾತ್ರಿ ಎಣ್ಯಾಗ ನೆನಿ ಹಾಕ್ರಿ.
ಒಣ ತೊಗಲು ಹಸದಿರತೈತಿ, ಕಬ್ಬಿಣ ಕಡೀತೈತಿ.'
ಇಪ್ಪತ್ತು ತಗೊಂಡಳು.

ಮರುದಿನ ಕೂಡಿಸುವಾಗ ದಾವಲಸಾಬನ ಬಾಯಿ ಬಂದ್.
ಸಣ್ಣ ಬಳಿ ದೊಡ್ಡ ಕೈಗೆ ಏರಿಸೋ ಹಂಗ
ಎಣ್ಣಿ ಹಚ್ಚಿ, ಒತ್ತಿ, ತಡದು, ಮತ್ತ ಒತ್ತಿ.

ಸಂಜಿಕ ಲಿವರ್ ಎಳದೆ. ಎದ್ದಿತು.
ಏಳೂದು ಮೊದಲೂ ಏಳತಿತ್ತು.
ಎಂಜಿನ್ ಆರಿಸಿ ನೋಡಿಕೋತ ನಿಂತಿವಿ.
ಅವ ಒಂದು ದೋರಗಾಯಿ ಪೇರಲ ಹರದು
ಬ್ಲೇಡಿನ ಕೆಳಗ ಕಲ್ಲು ಒಟ್ಟಿ ಅದರ ನೆತ್ತಿಗಿಟ್ಟ,
ನಡುವ ನಾಕು ಬೆರಳು ಜಾಗಾ ಬಿಟ್ಟು.
'ಮುಂಜಾನೆ ಇದು ಚಟ್ನಿ ಆಗಿದ್ದರ
ನನಗ ರೊಕ್ಕ ಕೊಡಬ್ಯಾಡ್ರಿ.'

ರಾತ್ರಿ ಎರಡು ಸಲ ಎಚ್ಚರಾತು.
ಕಬ್ಬಿಣ ಮೆಲ್ಲಕ ಇಳಿಯೂದಕ್ಕ ಸಪ್ಪಳ ಇರಂಗಿಲ್ಲ,
ಗೊತ್ತಿತ್ತು,
ಆದರೂ ಕೇಳಿಕೋತ ಬಿದ್ದಿದ್ದೆ.

ಮುಂಜಾನೆ ನಾಕು ಬೆರಳು ಎರಡಾಗಿದ್ದವು.
ಹಣ್ಣು ಹಣ್ಣಾಗೇ ಇತ್ತು,
ಒಂದು ಮಗ್ಗಲ ಅಳಿಲು ಕಡದಿತ್ತು.
ದಾವಲಸಾಬ ಬಗ್ಗಿ, ಬೆರಳು ತೂರಿಸಿ ನೋಡಿ,
'ಎರಡು ಬೆರಳು ಅದಕ್ಕ ಬಿಡ್ರಿ' ಅಂದ.
ಅಳಿಲು ಬಿಟ್ಟ ಮಗ್ಗಲನ್ನ
ಪಂಪ್ ಕೇಳಿದ ಹಲ್ಲಿನಿಂದ ಕಚ್ಚಿದ.
'ಬೀಜ ಭಾಳ ಅದಾವ್ರಿ ಇದರಾಗ' ಅಂದ,
ತೋಟಕ್ಕೆಲ್ಲ ಕೇಳೂ ಹಂಗ.