ದಂಡೆ, ದಂಡ

ಸೇತುವೆ ದಾಟಿ ಎಡಕ್ಕೆ ಮೂರನೇ ಮನೆ.
ದೂರು ಬಂದದ್ದು ಆಚೆ ದಡದಿಂದ, ಸಹಿ ಇಲ್ಲದೆ.
ನಾನು ಕಾರಿಂದಿಳಿಯುವಾಗ ಒನೆಸಿಮ್ ಗಾರ್ನೋ
ಆಗಲೇ ಅಂಗಳದಲ್ಲಿ ನಿಂತಿದ್ದ,
ಕೈಯಲ್ಲಿ ಎರಡು ಲೋಟ ಕಾಫಿ. ಒಂದು ನನಗೆ.
ಬಾಗಿಲ ಮೇಲೆ ಪುರಸಭೆಯ ಮುದ್ರೆಯಿರುವ ಕಾರು,
ಯಾತಕ್ಕೆ ಬರುತ್ತದೆಂದು ಊರಿಗೆಲ್ಲ ಗೊತ್ತು.

ತಪಾಸಣೆಗೆ ಹೋದವರು ಏನನ್ನೂ ಕುಡಿಯಬಾರದು.
ಕುಡಿದೆ. ಮೇ ತಿಂಗಳು,
ಗಾಳಿಗೆ ಇನ್ನೂ ಹಿಮದ ಹಲ್ಲು.

ಟೇಪಿನ ತುದಿ ಹಿಡಿಯಿರಿ ಎಂದೆ. ಹಿಡಿದ.
ನೆರೆಯ ಗುರುತಿನಿಂದ ಮೇಲಕ್ಕೆ ಹತ್ತು ಮೀಟರು,
ತೋಳು ಚಾಚಿ ಅಳೆದರೆ ಐದೂವರೆ ಮಾರು.
ಅಷ್ಟರೊಳಗೆ ಕೊಡಲಿ ಇಲ್ಲ, ಕತ್ತರಿ ಇಲ್ಲ, ಗೊಬ್ಬರ ಇಲ್ಲ.
ದೋಣಿಗೊಂದು ಕಾಲುದಾರಿ, ಅಷ್ಟೇ.
"ನೆಲ ಹೊಳೆಯದು, ತೆರಿಗೆ ನನ್ನದು," ಎಂದ
ಟೇಪು ಬಿಡದೆ.

ಅಲ್ಲಿ ಏನೇನಿರಬೇಕೋ ನನಗೆ ಬಾಯಿಪಾಠ:
ಚಳಿಗೆ ಕಡ್ಡಿ ಕೆಂಪೇರುವ ಡಾಗ್‌ವುಡ್, ಆಲ್ಡರ್, ವಿಲೋ,
ಎಲೆ ಹಿಸುಕಿದರೆ ಔಷಧದಂಗಡಿಯ ಹಾಗೆ
ಘಮ್ಮೆನ್ನುವ ಜೌಗಿನ ಗಿಡ.
ಇದ್ದದ್ದು ಹುಲ್ಲು. ಸೈನ್ಯಕ್ಕೆ ಸೇರಿದ ಹುಡುಗನ ತಲೆಯಂಥ ಹುಲ್ಲು,
ನೀರಿನವರೆಗೂ.
ಮೂವತ್ತೊಂದು ಬೊಡ್ಡೆ. ಎಣಿಸಿ ಬರೆದುಕೊಂಡೆ.
ಆಲ್ಡರ್ ಕಡಿದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ,
ಮರ ಅಳುತ್ತದೆ ಅನ್ನುವವರಿದ್ದಾರೆ.
ನನಗೆಂದೂ ಹಾಗನಿಸಿಲ್ಲ. ಬಣ್ಣ ತಿರುಗುತ್ತದೆ, ಅಷ್ಟೇ.

ದಡ ಆಗಲೇ ಜರಿಯತೊಡಗಿತ್ತು.
ಹೊಳೆಯ ಹೆಸರು ಕಪ್ಪು, ಬಣ್ಣ ಮಾತ್ರ ಚಹಾದ್ದು;
ಬೇರು ಬಿಟ್ಟ ಮಣ್ಣು ಅದರೊಳಗೆ ಸಕ್ಕರೆಯಂತೆ
ಸದ್ದಿಲ್ಲದೆ ಕರಗುತ್ತಿತ್ತು.
ಕೆಳಗಡೆ ಊರಿಗೆ ನೀರೆಳೆವ ಪೈಪು, ಅದರಾಚೆ ಮಕ್ಕಳು ಈಜುವ ಮಡು,
ಆಗಸ್ಟಿನಲ್ಲಿ ಪಾಚಿ ಕಟ್ಟಿದೊಡನೆ ನಾನೇ ಹೋಗಿ ಬಿಗಿಯುವ
ಹಳದಿ ಪಟ್ಟಿ.
ಇದನ್ನೆಲ್ಲ ಹೇಳಿದೆ, ನಿಯಮದ ಸಂಖ್ಯೆ ಸಮೇತ.

ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಒಳಗೆ ಬಾ."

ಕಿಟಕಿಗೆ ಒತ್ತಿ ಆಸ್ಪತ್ರೆಯ ಮಂಚ.
ಫ್ಲೋರೆಟ್. ಬಲಗಡೆಯ ಮೈ
ಜನವರಿಯಲ್ಲೇ ಅವಳ ಮಾತು ಕೇಳುವುದು ಬಿಟ್ಟಿದೆ.
"ಪೊದೆ ಅಡ್ಡ ಬರುತ್ತಿತ್ತು," ಎಂದ.
"ಇವಳಿಗೆ ನೀರು ಕಾಣುತ್ತಿರಲಿಲ್ಲ."

ಇಂಥದಕ್ಕೆ ನನ್ನ ಫಾರಮಿನಲ್ಲಿ ಖಾನೆ ಇಲ್ಲ.
ನಿಯಮದಲ್ಲಿ ಇದೆ. ಒಂಬತ್ತನೇ ಪುಟ, ಯಾರೂ ಓದದ ಕಡೆ:
ಕಡಿದಾದ ದಂಡೆಯಲ್ಲಿ, ನೋಟಕ್ಕೆಂದು, ಒಂದು ಕಿಟಕಿ.
ಐದು ಮೀಟರು ಅಗಲ. ಕೊಂಬೆ ಸವರಬಹುದು, ಬುಡ ಮುಟ್ಟಬಾರದು.
ಕಿಟಕಿ ಅಂತಲೇ ಬರೆದಿದೆ;
ಆ ನಲವತ್ತು ಪುಟದಲ್ಲಿ ಮನೆಯೊಳಗಿನ ಮಾತು ಅದೊಂದೇ.

"ಒಂದು ಮಾತು ಕೇಳಬಹುದಿತ್ತಲ್ಲ," ಎಂದೆ.
ಕೇಳಿ ಅಭ್ಯಾಸವಿಲ್ಲದ ವಂಶ.
ಅಪ್ಪ, ಅಜ್ಜ, ಇದೇ ಹೊಳೆಯಲ್ಲಿ ದಿಮ್ಮಿಗಳ ಬೆನ್ನೇರಿ
ಕಾಗದದ ಕಾರ್ಖಾನೆಗೆ ಕಾಡನ್ನೇ ತೇಲಿಸಿಕೊಂಡು ಹೋದವರು.
ಯಾರನ್ನು ಕೇಳಿದ್ದರು?

ಆಗ ಮಂಚದಿಂದ, ಎಡಗಡೆಯ ಬಾಯಿಂದ:
"ನನ್ನನ್ನೂ ಕೇಳಲಿಲ್ಲ."
ಇಬ್ಬರೂ ತಿರುಗಿದೆವು.
"ಪೊದೆಗೆ ಒಂದು ಹಕ್ಕಿ ಬರುತ್ತಿತ್ತು.
ಹಳದಿಯದು. ಇಷ್ಟೇ ಇಷ್ಟು.
ನೀರು... ಎಪ್ಪತ್ತು ವರ್ಷದಿಂದ ನೋಡಿದ್ದೇನೆ."

ಒನೆಸಿಮ್ ತನ್ನ ಅಂಗೈ ನೋಡಿಕೊಂಡ,
ಯಾರದೋ ಉಪಕರಣವನ್ನು ವಾಪಸು ಕೊಡಲು ಮರೆತವನಂತೆ.

ದಂಡೆಗೆ ದಂಡ: ಆರುನೂರು ಡಾಲರು. ಬರೆದೆ.
ಕೆಳಗೆ, ಮರುನೆಡುವಿಕೆ: ಬೊಡ್ಡೆಗೊಂದು ಗಿಡ,
ಸೆಪ್ಟೆಂಬರಿನೊಳಗೆ.
"ಈ ಕಿಟಕಿಯೆತ್ತರಕ್ಕೆ ಬರಲು ಎಷ್ಟು ದಿನ?"
ವಿಲೋ ಆದರೆ ಮೂರು ಬೇಸಗೆ ಎನ್ನಬೇಕಿತ್ತು.
ಅವನು ಮಂಚದ ಕಡೆ ನೋಡುತ್ತಿದ್ದ.
"ದೊಡ್ಡದನ್ನೇ ತಂದು ನೆಟ್ಟರೆ?"
"ನೆಡಿ. ನಿಯಮ ಎತ್ತರದ ಮಾತೆತ್ತುವುದಿಲ್ಲ."

ಕಾರಿನ ಹತ್ತಿರ ಟೇಪು ಸುತ್ತುವಾಗ ಕಂಡೆ,
ಅವನು ಹಿಡಿದಿದ್ದ ತುದಿಗೆ ಅಂಟಿದ ಗರಗಸದ ಪುಡಿ.
ಆಲ್ಡರಿನದೇ, ಕಿತ್ತಳೆ.
ಒರೆಸದೆ ಸುತ್ತಿಟ್ಟೆ. ಮುಂದಿನ ಮನೆಗೆ ತಡವಾಗಿತ್ತು.