ಸದರಿ ನಾಯಿ

ಕಂದಾಯ ಭವನದ ಎದುರು, ಹೊಂಗೆಮರದ ಕೆಳಗೆ
ನನ್ನ ಟೈಪ್‌ರೈಟರು, ಎರಡು ಸ್ಟೂಲು, ಕಡ್ಡಿ ಮುರಿದ ಕೊಡೆ.
ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿ ಕೂತು
ಊರವರ ಸತ್ಯವನ್ನು ಛಾಪಾ ಕಾಗದದ ಮೇಲೆ ಕುಟ್ಟಿದ್ದೇನೆ:
ಹೆಸರಲ್ಲಿ ಒಂದಕ್ಷರ ತಪ್ಪಿದವರು,
ಮಾರ್ಕ್ಸ್‌ಕಾರ್ಡು ಬಸ್ಸಲ್ಲಿ ಬಿಟ್ಟವರು,
ಬದುಕಿದ್ದೇನೆಂದು ನವೆಂಬರ್ ನವೆಂಬರಿಗೂ ಹೇಳಬೇಕಾದವರು.

ಅವತ್ತು ಬಂದವನು ಕ್ರಿಸ್ತುರಾಜ್.
ಲಿಂಗರಾಜಪುರದಲ್ಲಿ ಒಂದು ಕೋಣೆ ಬಾಡಿಗೆ,
ರಾತ್ರಿಪಾಳಿ ಆಂಬುಲೆನ್ಸು.
ಹಿಂದೆಯೇ ಒಂದು ಕಂದು ನಾಯಿ. ಎಡಗಿವಿಯ ತುದಿ ಕತ್ತರಿಸಿದ್ದು,
ಪಾಲಿಕೆಯವರು ಆಪರೇಶನ್ ಮಾಡಿ ಬಿಟ್ಟ ಗುರುತು.
ಅಲ್ಲಿಯವರೆಗೆ ಅದಕ್ಕಿದ್ದ ದಾಖಲೆ ಅಷ್ಟೇ.

"ನಾಯಿ ಯಾಕೆ ಬೇಕು ಅಂತ ಓನರು ಬರೆದು ಕೊಡು ಅಂತಾರೆ ಸಾರ್.
ಫೋನಲ್ಲಿ ಒಬ್ಬ ಸಿಕ್ಕಿದ್ದ, ಎರಡು ಸಾವಿರಕ್ಕೆ
ಸರ್ಟಿಫಿಕೇಟು, ಕಾರ್ಡು, ನಾಯಿಗೊಂದು ಕೆಂಪು ಬೆಲ್ಟು.
ನನ್ನ ಮುಖ ನೋಡದೆ ನನ್ನ ಕಾಯಿಲೆ ಹೇಳ್ತಾನೆ. ಬೇಡ ಅಂದೆ."

ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದ.
ಬೆಳಗಿನ ಜಾವ ಆಸ್ಪತ್ರೆಯ ಸಾಲಲ್ಲಿ ನಿಂತು,
ಮೂರು ಸಲ ಹೋಗಿ, ಮೂರನೇ ಸಲ ಅತ್ತು ತಂದದ್ದು.
ಡಾಕ್ಟರಮ್ಮ ಮೂರೇ ಸಾಲು ಬರೆದಿದ್ದರು.
"ಕಾನೂನಲ್ಲಿ ಇದು ಎಷ್ಟು ತೂಗುತ್ತೋ ಗೊತ್ತಿಲ್ಲಪ್ಪ,
ನಾನು ನೋಡಿದ್ದು ಬರೆದಿದ್ದೀನಿ" ಅಂದರಂತೆ.
ಓನರಿಗೆ ಅದು ಸಾಲದು. ಮುದ್ರೆ ಬೇಕು, ಛಾಪಾ ಕಾಗದ ಬೇಕು.

*ನಾನು, ಕ್ರಿಸ್ತುರಾಜ್ ಬಿನ್ ಆರೋಗ್ಯಸ್ವಾಮಿ, ವಯಸ್ಸು ಮೂವತ್ತನಾಲ್ಕು,
ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ*
ಇಷ್ಟು ನನ್ನ ಬೆರಳುಗಳಿಗೇ ಗೊತ್ತು.

ನಾಯಿ ಹೆಸರು?
"ಬನ್ನು."
ಬಿನ್?
ನಕ್ಕ. "ಬೀದಿ."
ಕಾರಣ?

ನಗು ಹೋಯಿತು. ನಾಯಿ ಟೈಪ್‌ರೈಟರಿನ ಹತ್ತಿರ ಬಂದು ಮೂಸಿತು.
"ಹಗಲು ಮಲಗ್ತೀನಲ್ಲ ಸಾರ್, ಕಣ್ಣು ಮುಚ್ಚಿದರೆ ಗಾಡಿ ಓಡ್ತಾ ಇರತ್ತೆ.
ಹಿಂದೆ ಯಾರೋ ಕೆಮ್ಮಿದ ಹಾಗೆ.
ಆಮೇಲೆ ಕೆಮ್ಮು ನಿಂತ ಹಾಗೆ.
ಇವನು ಬಂದು ಕಾಲ ಮೇಲೆ ಗದ್ದ ಇಡ್ತಾನೆ.
ಒಂದು ಭಾರ ಇರತ್ತಲ್ಲ, ಅದು.
ಆಗ ಗಾಡಿ ನಿಂತಿದೆ ಅಂತ ಗೊತ್ತಾಗತ್ತೆ."

ನನ್ನ ಭಾಷೆಯಲ್ಲಿ ಸ್ಥಿರಾಸ್ತಿ ಇದೆ, ಚರಾಸ್ತಿ ಇದೆ,
ಮೂವತ್ತು ನಲವತ್ತರ ಸೈಟಿಗೆ ಚಕ್ಕುಬಂದಿ ಇದೆ.
ನಿದ್ದೆಗೆ ಚಕ್ಕುಬಂದಿ ಬರೆಯುವುದು ಹೇಗೆ?
ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಬಾಡಿಗೆ ಬಾಕಿ,
ದಕ್ಷಿಣಕ್ಕೆ, ತಲೆಯ ಕಡೆ, ಸೈರನ್ನು,
ಉತ್ತರಕ್ಕೆ, ಪಾದದ ಕಡೆ, ನಾಯಿ.

ಹಾಗೆ ಬರೆಯಲಿಲ್ಲ. ಬರೆದದ್ದು ಇಷ್ಟು:
*ಸದರಿ ನಾಯಿಯು ನನ್ನ ಕಾಲಿನ ಮೇಲೆ ಮಲಗುವುದರಿಂದ
ನಾನು ಮಲಗಲು ಶಕ್ತನಾಗಿರುತ್ತೇನೆ.*

ನೋಟರಿ ಜಯಶೀಲಮ್ಮ ಕನ್ನಡಕದ ಮೇಲಿಂದ ಓದಿದರು,
ಡಾಕ್ಟರ ಚೀಟಿ ಓದಿದರು, ಮತ್ತೆ ಇದನ್ನು ಓದಿದರು.
"ಪ್ರಮಾಣ ಮಾಡೋದು ಯಾರಯ್ಯಾ, ಇವನೋ ಅದೋ?"
ಮುದ್ರೆ ಬಿದ್ದ ಸದ್ದಿಗೆ ನಾಯಿ ಬೆಚ್ಚಿ ಅವನ ಕಾಲ ಸಂದಿಗೆ ಸೇರಿತು.
ಅವನು ಬಗ್ಗಿ ಅದರ ಅರ್ಧ ಕಿವಿ ಮುಚ್ಚಿದ.

ಓನರು ಒಪ್ಪಿದರೋ ಇಲ್ಲವೋ ತಿಳಿಯದು.
ಈ ಕಸುಬಲ್ಲಿ ಕಾಗದ ಹೋಗುತ್ತದೆ, ಸುದ್ದಿ ಬರುವುದಿಲ್ಲ.

ಆದರೆ ಒಂದು ಕಂದು ಕೂದಲು 'ನ' ಅಕ್ಷರದ ಅಚ್ಚಿಗೆ ಸಿಕ್ಕಿಕೊಂಡಿದೆ.
ಅಂದಿನಿಂದ ಎಲ್ಲರ ಪ್ರಮಾಣಪತ್ರದಲ್ಲೂ
*ನಾನು* ಎಂಬುದು ಸ್ವಲ್ಪ ಮಸುಕು, ಸ್ವಲ್ಪ ರೋಮ.
ಪಿನ್ನು ಹಾಕಿ ತೆಗೆಯಬಹುದು. ಡಬ್ಬಿಯಲ್ಲಿ ಪಿನ್ನೂ ಇದೆ.

ನಿನ್ನೆ, ಬದುಕಿದ್ದೇನೆಂದು ಬರೆಸಲು ಬಂದ ಮುದುಕಿ
ಆ ಅಕ್ಷರದ ಮೇಲೆ ಉಗುರಾಡಿಸಿ ಕೇಳಿದಳು,
"ಇದೇನಪ್ಪ, ಇಲ್ಲಿ ಏನೋ ಅಂಟಿದೆ?"

ಇರಲಿ ಬಿಡಮ್ಮ, ಅಂದೆ.