ಒಂದರಿಂದ ನಾಲ್ಕು ಬಂದ್

ರಾತ್ರಿ ಹತ್ತರ ಮೇಲೆ ಏನೂ ಕೊಡಬೇಡಿ ಅಂದಿದ್ದರು.
ಬಟ್ಟಲು ತೊಳೆದು ಕಪಾಟಿನ ಮೇಲಿಟ್ಟೆ.
ಅದು ಕೆಳಗೆ ಕೂತು ಕಪಾಟನ್ನೇ ನೋಡಿತು
ಬೆಳಗಿನವರೆಗೂ.
ನಾನೂ ಚಹಾ ಮಾಡಿಕೊಳ್ಳಲಿಲ್ಲ.
ಇದನ್ನು ಉಪವಾಸ ಅನ್ನಲು ನಾಚಿಕೆ;
ಒಲೆ ಹಚ್ಚಿದರೆ ಓಡಿಬರುತ್ತದೆ, ಅಷ್ಟೇ.

ಹೆಸರು ತೌಡಿ.
ನಾರಾಯಣ ಪೇಟೆಯ ಹಿಟ್ಟಿನ ಗಿರಣಿಯ ಹಿಂದೆ ಸಿಕ್ಕಿದ್ದು,
ತೌಡಿನದೇ ಬಣ್ಣ.
ದವಾಖಾನೆಯ ಕಾರ್ಡಿನಲ್ಲಿ ಬೆಕ್ಕಿಗೂ ಅಡ್ಡಹೆಸರು ಬೇಕಂತೆ.
ಬರೆದರು: ತೌಡಿ ಕೊಣ್ಣೂರ. ಹೆಣ್ಣು. ಒಂಬತ್ತು ವರ್ಷ.
ನನಗೆ ಗೊತ್ತಿದ್ದಂತೆ ಈ ಊರಲ್ಲಿ ಕೊಣ್ಣೂರರು ಇಬ್ಬರೇ,
ಒಬ್ಬಳಿಗೆ ಹಲ್ಲುನೋವು.

ನಗಬೇಕಾದ ಸಂಗತಿ ಇನ್ನೊಂದಿದೆ:
ಹಲ್ಲು ನನ್ನ ಕಸುಬು.
ಪೋತನೀಸರ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ
ಮೇಣದ ಒಸಡಿಗೆ ಅಕ್ರಿಲಿಕ್ ಹಲ್ಲು ಕೂರಿಸುತ್ತೇನೆ.
ಅರ್ಧ ಸದಾಶಿವ ಪೇಟೆ ಬಾಕರವಡಿ ಕಡಿಯುವುದು
ನಾನು ಮಾಡಿದ ಹಲ್ಲಿನಿಂದ.
ಎದುರಿಗೆ ಕೂತು ಉಣ್ಣುವವಳು
ಒಂದೇ ಮಗ್ಗುಲಲ್ಲಿ ಅಗಿಯುತ್ತಿದ್ದಾಳೆ ಎಂಬುದು
ನನಗೆ ತಿಳಿಯಲು ಇಡೀ ಮಳೆಗಾಲ ಬೇಕಾಯಿತು.
ಬಾಯಿ ನಾರಿದರೆ ಬಾಂಗಡೆ ಅಂದುಕೊಂಡೆ.
ಒಂದು ದಿನ ಆಕಳಿಸಿದಳು. ಕಂಡಿತು ಒಸಡಿನ ಅಂಚು,
ಬೀಟ್‌ರೂಟ್ ಹೆಚ್ಚಿಟ್ಟ ಚಾಕುವಿನ ಹಾಗೆ.

ಬುಟ್ಟಿಯ ಬಾಯಿಗೆ ಓಢಣಿ ಬಿಗಿದು ರಿಕ್ಷಾ ಹತ್ತಿದೆ.
ಲಕಡಿ ಪೂಲ್ ದಾಟುವಾಗ ಒಂದು ಸಲ ಅತ್ತಳು,
ಆಮೇಲೆ ಸುಮ್ಮನಾದಳು. ಸುಮ್ಮನಾದದ್ದೇ ಕಷ್ಟ.
ಸಹಿಗೆ ಕೊಟ್ಟ ಕಾಗದದಲ್ಲಿ ಐದನೆಯ ಸಾಲು,
ಎಚ್ಚರವಾಗದಿದ್ದ ಪಕ್ಷದಲ್ಲಿ ಅಂತ ಶುರುವಾಗುತ್ತದೆ.
ಓದಿದೆ.
ಓದಿಲ್ಲ ಅಂದುಕೊಂಡು ಸಹಿ ಹಾಕಿದೆ.

'ಕಾಳಜೀ ಕರೂ ನಕಾ' ಅಂದರು ಡಾಕ್ಟರ್ ರಾಜವಾಡೆ,
ಕೈಗವಸು ಎಳೆದುಕೊಳ್ಳುತ್ತ.
ಇಲ್ಲಿಗೆ ಬಂದಾಗಿನಿಂದ ಕೇಳುತ್ತಿರುವ ಮಾತೇ.
ಅವರ ಕಾಳಜಿ ಅಂದರೆ ಚಿಂತೆ, ಗೊತ್ತು.
ಆದರೂ ನಮ್ಮ ಕಿವಿಗೆ ಹೇಗೆ ಬೀಳುತ್ತದೆ ನೋಡಿ:
ಅಕ್ಕರೆ ಸಾಕು, ನಡಿ ಮನೆಗೆ.
ತಲೆಯಾಡಿಸಿದೆ. ಹೋಗಲಿಲ್ಲ.

ಒಂದು ಗಂಟೆಗೆ ಶಟರ್ ಅರ್ಧ ಇಳಿಯಿತು.
ಪಕ್ಕದ ಸೀರೆಯಂಗಡಿಯದು ಪೂರ್ತಿ.
ಕಬ್ಬಿನ ಗಾಣದ ಗೆಜ್ಜೆಯೂ ನಿಂತಿತು.
ಒಂದರಿಂದ ನಾಲ್ಕು ಬಂದ್:
ಪುಣೆಯ ಬಗ್ಗೆ ಎಲ್ಲರೂ ಆಡುವ ಹಳೇ ಚೇಷ್ಟೆ,
ಊರಿಗೆ ಹೋದಾಗ ನಾನೂ ಆಡಿದ್ದೇನೆ.
ಇವತ್ತು ಆ ಮೂರು ತಾಸಿನ ಒಳಗೆ
ತೌಡಿ ಮಲಗಿದ್ದಾಳೆ.
ಅರಿವಳಿಕೆ ಕೊಟ್ಟರೂ ಬೆಕ್ಕಿನ ಕಣ್ಣು ತೆರೆದೇ ಇರುತ್ತದಂತೆ,
ಒಣಗದಂತೆ ಮುಲಾಮು ಹಚ್ಚುತ್ತಾರಂತೆ.
ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿ ಎಂದು
ಗಾದೆ ಕಟ್ಟಿದವರು ಇದನ್ನು ನೋಡಿರಲಿಕ್ಕಿಲ್ಲ.

ಕಟ್ಟೆಯ ಕಲ್ಲು ಕಾದು ಕೂರಲಾಗದೆ ಲ್ಯಾಬಿಗೆ ಹೋದೆ.
ರಾಸ್ತಾ ಪೇಟೆಯ ಯಾರೋ ಅಜ್ಜನ ಮೇಲಿನ ಸೆಟ್ಟು,
ಸಂಜೆಯೊಳಗೆ ಬೇಕು.
ಮುಂದಿನವು ನಾಲ್ಕು, ಆಮೇಲೆ ಕೋರೆ.
ಕೈ ತಾನಾಗಿ ನಡೆಯಿತು.
ಉಜ್ಜುವ ಯಂತ್ರದ ಸದ್ದಿಗೆ ಹೊಟ್ಟೆ ಹಿಂಡಿತು:
ಅಲ್ಲಿಯೂ ಇದೇ ಸದ್ದು, ಈಗ, ಅವಳ ತಲೆಯೊಳಗೆ.
ಪೋತನೀಸರು ಎರಡು ಸಲ ಏನೋ ಕೇಳಿದರು,
ನಾನು ಎರಡು ಸಲ ಹ್ಞೂಂ ಅಂದೆ.

ಮೂರೂ ಮುಕ್ಕಾಲಿಗೆ ಫೋನು. ಕಂಪೌಂಡರ್ ಸುಹಾಸ.
'ಏಳು ತೆಗೆದೆವು. ಎಚ್ಚರಾಗಿದೆ. ನನ್ನ ಕಚ್ಚಲು ಬಂತು.'
'ಯಾವುದರಿಂದ?'
ಅವನು ನಕ್ಕುಬಿಟ್ಟ.
ನಾನು ನಿಜವಾಗಿಯೂ ಕೇಳಿದ್ದು,
ಯಾವುದು ಉಳಿದಿದೆ ಅಂತ.

ಈಗ ತೌಡಿ ಮಿದ್ದಿದ ಅನ್ನ ನೆಕ್ಕುತ್ತಾಳೆ,
ನಡುವೆ ತಲೆಯೆತ್ತಿ ನನ್ನನ್ನು ದುರುಗುಟ್ಟುತ್ತಾಳೆ.
ಎಲ್ಲ ನನ್ನದೇ ಕರಾಮತ್ತು ಎಂದು ತಿಳಿದಿದೆ ಅವಳಿಗೆ.

ಶುಕ್ರವಾರ ಅಜ್ಜನ ಸೆಟ್ಟು ವಾಪಸು ಬಂತು,
ಚೀಟಿ ಸಮೇತ: ಕೋರೆಹಲ್ಲು ವಿಪರೀತ ಚೂಪು,
ತುಟಿಗೆ ಚುಚ್ಚುತ್ತಿದೆ.
ಪೋತನೀಸರು ಕನ್ನಡಕದ ಮೇಲಿಂದ ನೋಡಿದರು.
ಕೈಗೆ ಅರ ತೆಗೆದುಕೊಂಡು
ಒಲ್ಲದ ಮನಸ್ಸಿನಿಂದ
ಉಜ್ಜಿದೆ.